ಮೌಲ್ಯಶಿಕ್ಷಣದ ಅವಧಿ ಗಣಿತಕ್ಕೆ ಹೋಯಿತು: ಕಥೊಲಿಕ್ ಶಾಲೆಯಿಂದ ನಾವು ಏನನ್ನು ಕೇಳಬಹುದು?

ನೀರ್ಚಾಲು ಪೋಷಕಿ
ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಕಾಸರಗೋಡು ಜಿಲ್ಲೆಯ ಒಂದು ಕಥೊಲಿಕ್ ಆಡಳಿತದ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿಯಲ್ಲಿದ್ದಾಳೆ. ಶಾಲೆಯ ಹೆಸರು ಇಲ್ಲಿ ಬೇಡ. ನಾವು ಕ್ರೈಸ್ತರಲ್ಲ, ಅಲ್ಲಿ ಶಿಸ್ತಿದೆ, ಮಕ್ಕಳ ಕಷ್ಟಸುಖ ವಿಚಾರಿಸುವವರಿದ್ದಾರೆ ಎಂದು ನಂಬಿ, ಮನೆಯ ಪಕ್ಕದ ಶಾಲೆಯನ್ನು ಬಿಟ್ಟು ಅಲ್ಲಿಗೆ ಸೇರಿಸಿದೆವು. ಓಣಂ ಪರೀಕ್ಷೆ ಮುಗಿದ ಮೇಲೆ ವೇಳಾಪಟ್ಟಿ ಬದಲಾಗಿ, ವಾರಕ್ಕೊಂದು ಇದ್ದ ಮೌಲ್ಯಶಿಕ್ಷಣದ ಅವಧಿ ಗಣಿತಕ್ಕೆ ಹೋಗಿದೆ. ಅದರ ಜೊತೆಗೆ ತರಗತಿಯನ್ನು ಅಂಕಗಳ ಪ್ರಕಾರ ಎರಡು ಗುಂಪು ಮಾಡಿದ್ದಾರೆ. ಒಂದಕ್ಕೆ "ಎ ಪ್ಲಸ್ ಗುಂಪು" ಎಂದು ಹೆಸರು, ಇನ್ನೊಂದಕ್ಕೆ ಹೆಸರೇ ಇಲ್ಲ. ಮಗಳು ಆ ಹೆಸರಿಲ್ಲದ ಗುಂಪಿನಲ್ಲಿದ್ದಾಳೆ. ರಾತ್ರಿ ಸರಿಯಾಗಿ ನಿದ್ರೆ ಮಾಡುತ್ತಿಲ್ಲ, ಊಟದ ಹೊತ್ತಿಗೂ ಮಾತಿಲ್ಲ. ಪೋಷಕ-ಶಿಕ್ಷಕ ಸಂಘದ (ಪಿ.ಟಿ.ಎ.) ಸಭೆಯಲ್ಲಿ ಕೇಳಿದಾಗ, "ನೂರಕ್ಕೆ ನೂರು ಫಲಿತಾಂಶ ಬೇಕೆಂದು ಒತ್ತಾಯಿಸುವವರು ನೀವೇ ಅಲ್ಲವೇ?" ಎಂಬ ಉತ್ತರ ಬಂತು. ಇಂತಹ ಶಾಲೆಯಿಂದ ನಾವು ಏನನ್ನು ಕೇಳಬಹುದು, ಯಾವ ಆಧಾರದ ಮೇಲೆ ಕೇಳಬಹುದು ಎಂದು ತಿಳಿದವರು ಹೇಳಬೇಕು.

ಅಡಿಕೆ ತೋಟ
ಹತ್ತನೇ ತರಗತಿಯಲ್ಲಿ ಗಣಿತ ಕಡಿಮೆ ಮಾಡಿ ನೀತಿಪಾಠ ಹೇಳಿಕೊಡಿ ಎನ್ನುವ ಪೋಷಕರನ್ನು ನಾನು ಇದೇ ಮೊದಲು ನೋಡುತ್ತಿರುವುದು. ನಮ್ಮ ಕಡೆಯ ಶಾಲೆಯವರು ಹೀಗೆ ಒಂದು ಹೆಚ್ಚಿನ ಅವಧಿ ಕೊಟ್ಟಿದ್ದರೆ ನಾವು ಸಿಸ್ಟರಿಗೆ ಕೈಮುಗಿಯುತ್ತಿದ್ದೆವು.

ನೀರ್ಚಾಲು ಪೋಷಕಿ
ಅಣ್ಣ, ಗಣಿತ ಬೇಡ ಎಂದು ನಾನು ಎಲ್ಲಿಯೂ ಬರೆದಿಲ್ಲ. ಆ ಒಂದು ಅವಧಿಯಲ್ಲಿ ಸಿಸ್ಟರ್ ಪುಸ್ತಕ ಮುಚ್ಚಿಟ್ಟು ಮಕ್ಕಳಿಂದ ಮಾತನಾಡಿಸುತ್ತಿದ್ದರು. ವಾರವಿಡೀ ಮಕ್ಕಳು ಬಾಯಿ ಬಿಡುತ್ತಿದ್ದುದು ಅಲ್ಲಿ ಮಾತ್ರ. ನನ್ನ ದೂರು ಅಷ್ಟೇ.

ಪೆರ್ಲ
ಮೌಲ್ಯಶಿಕ್ಷಣ ಎಂಬುದು ಮತಬೋಧನೆಗೆ ಇಟ್ಟ ಸಭ್ಯ ಹೆಸರು. ಹೋದದ್ದೇ ಒಳ್ಳೆಯದಾಯಿತು.

ಬೇಳದವ
ಪೆರ್ಲದವರೇ, ನಾನು ನಮ್ಮ ಇಗರ್ಜಿಯಲ್ಲಿ ಭಾನುವಾರ ದೊತೊರ್ನ್, ಅಂದರೆ ಧರ್ಮೋಪದೇಶ, ಕಲಿಸುವವನು, ಆದುದರಿಂದ ಎರಡಕ್ಕೂ ಇರುವ ಅಂತರ ನನಗೆ ಚೆನ್ನಾಗಿ ಗೊತ್ತು. ದೊತೊರ್ನ್ ಕಥೊಲಿಕ್ ಮಕ್ಕಳಿಗೆ, ಪೂಜೆ ಮುಗಿದ ಮೇಲೆ, ಇಗರ್ಜಿಯ ವಠಾರದಲ್ಲಿ ನಡೆಯುತ್ತದೆ. ಶಾಲೆಯ ಮೌಲ್ಯಶಿಕ್ಷಣ ಎಲ್ಲ ಮಕ್ಕಳಿಗೂ ಸೇರಿದ್ದು. ಎರಡನ್ನೂ ಕಲಸುವ ಶಾಲೆಗಳು ಇಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಕಲಸಬೇಕೆಂದು ಧರ್ಮಸಭೆ ಹೇಳಿಲ್ಲ.

ಜಗತ್ತಿನ ಕಥೊಲಿಕ್ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆಯನ್ನು ಹೊರಡಿಸಿತು. ಮಕ್ಕಳ ಮೊದಲ ಗುರುಗಳು ತಂದೆತಾಯಿಯರೇ ಎಂಬುದು ಅದರಲ್ಲಿದೆ. ಕಥೊಲಿಕ್ ಶಾಲೆಯ ವಾತಾವರಣದಲ್ಲಿ ಶುಭಸಂದೇಶದ ಸ್ವಾತಂತ್ರ್ಯ ಮತ್ತು ಪ್ರೀತಿ ತುಂಬಿರಬೇಕು ಎಂದೂ ಇದೆ. ಇನ್ನೂ ಮುಂದೆ ಹೋಗಿ, ಬಡವರು, ಕುಟುಂಬದ ಆಸರೆ ಮತ್ತು ಅಕ್ಕರೆ ಸಿಗದವರು, ಕ್ರೈಸ್ತ ವಿಶ್ವಾಸದ ಪರಿಚಯವಿಲ್ಲದವರು, ಇವರ ಅಗತ್ಯಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ಅದು ಹೇಳುತ್ತದೆ. ತಂದೆ ಗಲ್ಫಿನಲ್ಲಿ, ತಾಯಿ ಒಬ್ಬರೇ ಮನೆಯಲ್ಲಿ ಇರುವ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಎಷ್ಟಿದ್ದಾರೆಂದು ಯೋಚಿಸಿದರೆ, ಆ ಮಾತು ನಮ್ಮನ್ನೇ ನೋಡಿ ಬರೆದಂತಿದೆ. ಹೀಗಿರುವಾಗ, ಅಂಕ ಕಡಿಮೆ ಬಂದ ಮಗುವನ್ನು ಹೆಸರಿಲ್ಲದ ಗುಂಪಿಗೆ ತಳ್ಳುವ ಶಾಲೆ ಬೆಳಿಗ್ಗೆ ಎಷ್ಟು ಪ್ರಾರ್ಥನೆ ಹೇಳಿಸಿದರೂ ತನ್ನದೇ ಧರ್ಮಸಭೆಯ ಮಾತನ್ನು ಮೀರುತ್ತಿದೆ. ಪೋಷಕಿಯವರು ಕೇಳಬೇಕಾದ ಮೊದಲ ಆಧಾರ ಇದೇ ಎಂದು ನನ್ನ ಅಭಿಪ್ರಾಯ.

ನಿವೃತ್ತ ಮಾಸ್ತರ್
ಬೇಳದವರು ಹೇಳಿದ್ದು ಸರಿ. ನಾನು ಕಥೊಲಿಕ್ ಆಡಳಿತದ ಅನುದಾನಿತ ಶಾಲೆಯಲ್ಲಿ ಬಹುಕಾಲ ಪಾಠ ಮಾಡಿದವನು, ಜನಿವಾರ ಹಾಕಿಕೊಂಡೇ ಮಾಡಿದವನು. ಮ್ಯಾನೇಜರ್ ಫಾದರ್ ನನ್ನಿಂದ ಒಂದು ದಿನವೂ ಪ್ರಾರ್ಥನೆ ಹೇಳಿಸಲಿಲ್ಲ. ಆದರೆ ತರಗತಿಯಲ್ಲಿ ಹಸಿದು ಕುಳಿತ ಹುಡುಗನೊಬ್ಬನನ್ನು ನಾನು ಗಮನಿಸದೇ ಇದ್ದಿದ್ದರೆ ಸಂಜೆ ಕರೆದು ಬೈಯುತ್ತಿದ್ದರು. ನಮ್ಮ ಸಂಬಳ ಸರಕಾರದ್ದು, ನೇಮಕಾತಿ ಮ್ಯಾನೇಜರರದ್ದು. ಕೇರಳದ ಅನುದಾನಿತ ಶಾಲೆಗಳ ಪದ್ಧತಿಯೇ ಹಾಗೆ. ಆಡಳಿತದವರ ಮನೋಧರ್ಮ ಹೇಗಿರುತ್ತದೋ ಶಿಕ್ಷಕರ ಕೊಠಡಿಯ ಗಾಳಿಯೂ ಹಾಗೆಯೇ ಇರುತ್ತದೆ.

ಮತದ ಕಥೆ ಕೇಳಿದರೆ ಮಕ್ಕಳು ಕೆಡುತ್ತಾರೆ ಎಂದು ಹೆದರುವವರಿಗೆ ಒಂದು ಮಾತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದರು, ಬುದ್ಧನ ಕೊನೆಯ ದಿನದ ಮೇಲೂ ಬರೆದರು. ಅವರ ಮನೆದೇವರೇನೂ ಬದಲಾಗಲಿಲ್ಲ.

ಪೆರ್ಲ
ಗೋವಿಂದ ಪೈಗಳು ಪ್ರೌಢರು, ತಾವಾಗಿಯೇ ಓದಿ ಬರೆದವರು. ಆರನೇ ತರಗತಿಯ ಮಗುವಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಅಲ್ಪಸಂಖ್ಯಾತರ ಶಾಲೆ ಎಂದ ಮೇಲೆ ಅವರು ಏನು ಬೇಕಾದರೂ ಮಾಡಬಹುದು, ಸಂವಿಧಾನದ 30ನೇ ವಿಧಿ ಇದೆಯಲ್ಲ.

ಕುಂಬಳೆ ವಕೀಲ
ಇಲ್ಲ, ಏನು ಬೇಕಾದರೂ ಮಾಡುವಂತಿಲ್ಲ. 30ನೇ ವಿಧಿಯ 1ನೇ ಉಪವಿಧಿ ಅಲ್ಪಸಂಖ್ಯಾತರಿಗೆ ಶಾಲೆಗಳನ್ನು ಸ್ಥಾಪಿಸುವ ಮತ್ತು ನಡೆಸುವ ಹಕ್ಕನ್ನು ಕೊಟ್ಟಿದೆ. ಅದಕ್ಕೆ ಸ್ವಲ್ಪ ಮೊದಲೇ 28ನೇ ವಿಧಿಯ 3ನೇ ಉಪವಿಧಿ ಇದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಆತನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧನೆಗೆ ಅಥವಾ ಅಲ್ಲಿ ನಡೆಯುವ ಪೂಜೆಗೆ ಹಾಜರಾಗಲೇಬೇಕೆಂದು ಒತ್ತಾಯಿಸುವಂತಿಲ್ಲ. ಅನುದಾನವಿಲ್ಲದ, ಬರಿಯ ಮಾನ್ಯತೆ ಪಡೆದ ಶಾಲೆಗೂ ಇದು ಅನ್ವಯಿಸುತ್ತದೆ ಎಂಬುದನ್ನು ಜನ ಮರೆಯುತ್ತಾರೆ.

ಮಗುವಿನ ಅಂತಃಸಾಕ್ಷಿಯ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ತೀರ್ಪು ಹುಟ್ಟಿದ್ದೂ ಈ ಕೇರಳದಲ್ಲೇ. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯಿಂದ ಅವರನ್ನು ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಹೇಳಿತು. ಇನ್ನು ಕಥೊಲಿಕ್ ಶಾಲೆಗಳ ಮಾತು: ಭಾರತದ ಕಥೊಲಿಕ್ ಬಿಷಪರ ಮಂಡಳಿ, ಅಂದರೆ ಸಿ.ಬಿ.ಸಿ.ಐ., 2024ರ ಏಪ್ರಿಲಿನಲ್ಲಿ ತನ್ನ ಶಾಲೆಗಳಿಗೆ ಕಳುಹಿಸಿದ ಮಾರ್ಗಸೂಚಿಯಲ್ಲಿ, ಅನ್ಯಮತೀಯ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕು, ಸಾಧ್ಯವಾದಲ್ಲಿ ಎಲ್ಲ ಮತದವರಿಗೂ ಒಂದು ಪ್ರಾರ್ಥನಾ ಕೊಠಡಿ ಇರಬೇಕು ಎಂದು ಸೂಚಿಸಿದೆ. ಪೆರ್ಲದವರು ಬೇಡ ಎಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು, ಧೈರ್ಯಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ.

ಪೆರ್ಲ
ಚೀಟಿ ಕೊಟ್ಟ ಮಗುವನ್ನು ಮರುದಿನದಿಂದ ಶಿಕ್ಷಕರು ಹೇಗೆ ನೋಡುತ್ತಾರೆ ಎಂಬುದು ಯಾವ ವಿಧಿಯಲ್ಲಿದೆ ಸ್ವಾಮಿ?

ಉಪ್ಪಳದ ಉಮ್ಮ
ನನ್ನ ಇಬ್ಬರು ಗಂಡುಮಕ್ಕಳೂ ಕಾನ್ವೆಂಟಿನಲ್ಲೇ ಓದಿದ್ದು. ಪ್ರಾರ್ಥನೆಯಿಂದ ನಮಗೆ ಯಾವ ತೊಂದರೆಯೂ ಆಗಿಲ್ಲ. ಮಕ್ಕಳು ಸುಮ್ಮನೆ ನಿಲ್ಲುತ್ತಿದ್ದರು, ಯಾರೂ ಏನೂ ಅನ್ನಲಿಲ್ಲ. ಶುಕ್ರವಾರದ ಮಧ್ಯಾಹ್ನದ ಬಿಡುವು ಕೇರಳದಲ್ಲಿ ಉದ್ದವಾಗಿಯೇ ಇರುವುದರಿಂದ ಜುಮಾಕ್ಕೆ ಹೋಗಿ ಬರುವುದಕ್ಕೂ ಅಡ್ಡಿಯಿರಲಿಲ್ಲ. ನೋವಾದದ್ದು ಬೇರೆ ಕಾರಣಕ್ಕೆ. ದೊಡ್ಡವನು ಅನುದಾನವಿಲ್ಲದ ಇಂಗ್ಲಿಷ್ ಮಾಧ್ಯಮದಲ್ಲಿದ್ದ. ಅವನ ತಂದೆಗೆ ದುಬೈಯಲ್ಲಿ ಕೆಲಸ ಹೋದ ವರ್ಷ ಶುಲ್ಕ ಬಾಕಿಯಾಯಿತು. ಬಾಕಿ ಇದ್ದವರ ಹೆಸರನ್ನು ಬೆಳಗಿನ ಸಭೆಯಲ್ಲಿ ಮೈಕಿನಲ್ಲಿ ಓದಿದರು. "ನಮ್ಮ ಅನುದಿನದ ಆಹಾರವನ್ನು ಇಂದು ನಮಗೆ ಕೊಡು" ಎಂಬ ಪ್ರಾರ್ಥನೆ ಮುಗಿದ ಕೂಡಲೇ ಓದಿದರು. ಹುಡುಗ ಮನೆಗೆ ಬಂದು ಚೀಲ ಎಸೆದು, ಇನ್ನು ಹೋಗುವುದಿಲ್ಲ ಎಂದ. ಬಟ್ಟೆಯ ಶಿಸ್ತು, ಉಗುರಿನ ಶಿಸ್ತು ಎಲ್ಲವನ್ನೂ ನೋಡುವ ಶಾಲೆಗೆ ಮಗುವಿನ ಮಾನ ಕಾಣಿಸಲಿಲ್ಲ.

ಬೇಳದವ
ಉಮ್ಮ, ಇದನ್ನು ಓದಿ ತಲೆ ತಗ್ಗಿಸುವಂತಾಯಿತು. ಅಂತಹ ಶಾಲೆಯಲ್ಲಿ ಕ್ರಿಸ್ಮಸ್ ಗೋದಲಿ ಎಷ್ಟು ಚೆನ್ನಾಗಿ ಮಾಡಿದರೇನು?

ಪ್ಲಸ್ ಟು ಮುಗಿಸಿದವ
ಗೋದಲಿಯ ಮಾತು ಬಿಡಿ, ಗೇಟಿನ ಫ್ಲೆಕ್ಸಿನ ಮಾತು ಆಡೋಣ. ಫಲಿತಾಂಶದ ಮರುದಿನವೇ ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಬಂದವರ ಭಾವಚಿತ್ರಗಳು ಸಾಲಾಗಿ ಏರುತ್ತವೆ. ನಮ್ಮ ವರ್ಷ ಒಂದೇ ವಿಷಯದಲ್ಲಿ ಎ ಬಂದ ಹುಡುಗಿಯೊಬ್ಬಳು ಶಾಲೆಗೆ ಅಂಕಪಟ್ಟಿ ತೆಗೆದುಕೊಳ್ಳಲು ಬಂದವಳು ಮುಖ್ಯ ಗೇಟಿನಿಂದ ಬರಲಿಲ್ಲ. ಇಗರ್ಜಿಯ ಹಿಂದಿನ ಸ್ಮಶಾನದ ಪಕ್ಕದ ಕಾಲುದಾರಿಯಲ್ಲಿ ಬಂದಳು. ಅವಳು ಕಲೋತ್ಸವದಲ್ಲಿ ಜಿಲ್ಲಾ ಮಟ್ಟಕ್ಕೆ ಹೋದವಳು, ಶಾಲೆಗೆ ಅಂಕಗಳಿಗಿಂತ ದೊಡ್ಡ ಹೆಸರು ತಂದವಳು.

ಮೌಲ್ಯಶಿಕ್ಷಣದ ಪುಸ್ತಕದಲ್ಲಿ ಕಳೆದುಹೋದ ಕುರಿಯ ಕಥೆ ಇತ್ತು. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ. ಪರೀಕ್ಷೆಯಲ್ಲಿ ಅದರ ನೀತಿಯನ್ನು ಬರೆದವರಿಗೆ ಎರಡು ಅಂಕ.

ನಿವೃತ್ತ ಮಾಸ್ತರ್
ಮಗೂ, ನಿನ್ನ ಕೊನೆಯ ಸಾಲಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಸೇವೆಯಲ್ಲಿರುವ ಟೀಚರ್
ಎಲ್ಲರೂ ಸೇರಿ ಶಾಲೆಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ, ನಮ್ಮ ಮಾತನ್ನೂ ಕೇಳಿ. ಮಕ್ಕಳ ಸಂಖ್ಯೆ ಕಡಿಮೆಯಾದರೆ ತರಗತಿಯ ಒಂದು ವಿಭಾಗ, ಅಂದರೆ ಡಿವಿಷನ್, ಹೋಗುತ್ತದೆ, ಡಿವಿಷನ್ ಹೋದರೆ ಶಿಕ್ಷಕರ ಹುದ್ದೆ ಹೋಗುತ್ತದೆ. ಕನ್ನಡ ಮಾಧ್ಯಮಕ್ಕಂತೂ ಈ ಭಯ ಪ್ರತಿ ಜೂನ್ ತಿಂಗಳಿನಲ್ಲಿ ಇದ್ದದ್ದೇ. ಫ್ಲೆಕ್ಸು ಹಾಕದಿದ್ದರೆ, ಈ ಶಾಲೆಯಲ್ಲಿ ಫಲಿತಾಂಶವಿಲ್ಲ ಎಂದು ಪೋಷಕರು ಮಕ್ಕಳನ್ನು ಬೇರೆ ಕಡೆಗೆ ಕರೆದುಕೊಂಡು ಹೋಗುತ್ತಾರೆ. ಅಡಿಕೆ ತೋಟದವರ ಉತ್ತರವನ್ನೇ ನೋಡಿ, ಹೆಚ್ಚಿನ ಗಣಿತಕ್ಕೆ ಕೈಮುಗಿಯುವೆ ಎನ್ನುತ್ತಾರೆ. ಮೌಲ್ಯಶಿಕ್ಷಣದ ಅವಧಿಯನ್ನು ಉಳಿಸಬೇಕೆಂದು ಪಿ.ಟಿ.ಎ. ಸಭೆಯಲ್ಲಿ ಎದ್ದುನಿಂತು ಹೇಳಿದ ಪೋಷಕರನ್ನು ನಾನು ಬಹಳ ಅಪರೂಪವಾಗಿ ಕಂಡಿದ್ದೇನೆ. ಹಾಗಿದ್ದರೂ ಗುಂಪು ಮಾಡುವುದನ್ನು ನಾನು ಸಮರ್ಥಿಸುವುದಿಲ್ಲ. ಹಿಂದುಳಿದ ಮಕ್ಕಳಿಗೆ ಸಂಜೆ ಪ್ರತ್ಯೇಕವಾಗಿ ಹೇಳಿಕೊಡುವುದು ಬೇರೆ, ಇಡೀ ದಿನ ಬೇರೆ ಕೂರಿಸುವುದು ಬೇರೆ.

ಅಡಿಕೆ ತೋಟ
ಟೀಚರ್, ನನ್ನ ಹೆಸರು ಹೇಳಿದಿರಿ ಎಂದು ಬರೆಯುತ್ತಿದ್ದೇನೆ. ಮಕ್ಕಳ ಕಷ್ಟ ಕೇಳುವುದಕ್ಕೆ ಕಾನ್ವೆಂಟಿನಲ್ಲಿ ಸಿಸ್ಟರುಗಳಿದ್ದಾರೆ, ಫಾದರ್ ಇದ್ದಾರೆ. ಅವರ ಬದುಕೇ ಅದಕ್ಕೆ ಮೀಸಲು. ಅದಕ್ಕೆಂದು ಒಂದು ಅವಧಿ, ಒಂದು ಹುದ್ದೆ, ಒಂದು ಕೊಠಡಿ ಬೇಕೇ?

ಕೌನ್ಸಿಲಿಂಗ್ ಟೀಚರ್
ಬೇಕು ಅಣ್ಣ. ನಾನು ಈ ಜಿಲ್ಲೆಯ ಒಂದು ಸರಕಾರಿ ಶಾಲೆಯಲ್ಲಿ ಇದೇ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮುಖ್ಯೋಪಾಧ್ಯಾಯಿನಿಯಾದ ಸಿಸ್ಟರ್ ಎಷ್ಟೇ ಕರುಣಾಮಯಿಯಾಗಿರಲಿ, ಅಂಕಪಟ್ಟಿಗೆ ಸಹಿ ಹಾಕುವವರು ಅವರೇ, ತಪ್ಪು ಮಾಡಿದಾಗ ಮನೆಗೆ ಫೋನ್ ಮಾಡುವವರೂ ಅವರೇ. ಅವರ ಮುಂದೆ ಮಗು ಬಾಯಿ ಬಿಡುವುದಿಲ್ಲ. ಒಂದು ಶಾಲೆಯಲ್ಲಿ ನಾನು ಕಂಡ ದೂರುಪೆಟ್ಟಿಗೆಯನ್ನು ಆಫೀಸಿನ ಬಾಗಿಲಿಗೆ ತಾಗಿಸಿ, ಸ್ಟಾಫ್ ರೂಮಿನ ಕಿಟಕಿಗೆ ಎದುರಾಗಿ ಇಟ್ಟಿದ್ದರು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ. ಒಳಗೆ ಮಿಠಾಯಿಯ ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ, "ನಮ್ಮಲ್ಲಿ ದೂರುಗಳೇ ಇಲ್ಲ" ಎಂದು ಅವರು ಸಂತೋಷಪಟ್ಟರು. ಅದನ್ನು ಹುಡುಗಿಯರ ಶೌಚಾಲಯಕ್ಕೆ ಹೋಗುವ ದಾರಿಗೆ ಸ್ಥಳಾಂತರಿಸಿದ ಮೇಲೆ ಚೀಟಿಗಳು ಬರತೊಡಗಿದವು.

ಫಾದರ್ ವಿಷಯ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ, ಅದು ಅವರ ಧರ್ಮದ ಕಟ್ಟಳೆ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಈ ವಿಷಯವನ್ನು ಮಗುವಿಗೆ ಮೊದಲೇ ಹೇಳಿಯೇ ನಾವು ಮಾತು ಆರಂಭಿಸುತ್ತೇವೆ. ಒಂದು ಆತ್ಮದ ಸಾಂತ್ವನ, ಇನ್ನೊಂದು ಮಗುವಿನ ರಕ್ಷಣೆ. ಒಂದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಬಾರದು.

ಇನ್ನೊಂದು ಸಂಗತಿಯನ್ನು ಗುರುತು ಸಿಗದಂತೆ ಹೇಳುತ್ತೇನೆ. ಮಧ್ಯಾಹ್ನದ ನಂತರ ತರಗತಿಯಲ್ಲಿ ನಿದ್ರಿಸುವ ಹುಡುಗಿಯೊಬ್ಬಳನ್ನು ಸೋಮಾರಿ ಎಂದು ಎಲ್ಲರೂ ತೀರ್ಮಾನಿಸಿದ್ದರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರಿನವಳು ಅವಳು. ಮನೆಯಲ್ಲಿ ಹಾಸಿಗೆ ಹಿಡಿದ ಚಿಕ್ಕಪ್ಪ. ತಾಯಿ ಬೀಡಿ ಕಟ್ಟುವವರು. ರಾತ್ರಿ ಚಿಕ್ಕಪ್ಪನನ್ನು ಮಗ್ಗುಲು ಬದಲಾಯಿಸಿ ಮಲಗಿಸುವ ಕೆಲಸ ಈ ಹುಡುಗಿಯದು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೇಳುವುದಕ್ಕೆ ಬೇಕಾದದ್ದು ಒಂದು ಅವಧಿಯಷ್ಟು ಸಮಯ.

ಪೋಷಕಿ ಅಕ್ಕ, ನಿಮ್ಮ ಮಗಳ ನಿದ್ರೆಯ ತೊಂದರೆಗೆ ವೇಳಾಪಟ್ಟಿ ಬದಲಾಗುವ ತನಕ ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ರಾಜ್ಯದ ಆರೋಗ್ಯ ಸಹಾಯವಾಣಿ ದಿಶಾ 1056, ಮಕ್ಕಳ ಸಹಾಯವಾಣಿ 1098, ಮೂರೂ ಉಚಿತ.

ಮೀಯಪದವು
ಟೀಚರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಈ ಚರ್ಚೆಯಲ್ಲಿ ಇನ್ನೂ ಯಾರೂ ಮುಟ್ಟದ ವಿಷಯವೊಂದಿದೆ. ನಮ್ಮ ಕಡೆಗೆ ನೇಮಕವಾಗಿ ಬರುವ ಕೌನ್ಸಿಲಿಂಗ್ ಟೀಚರುಗಳಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ? ನನ್ನ ತಮ್ಮನ ಮಗನ ಶಾಲೆಗೆ ತೆಂಕಣ ಜಿಲ್ಲೆಯಿಂದ ಒಬ್ಬರು ಬಂದಿದ್ದರು, ಬಹಳ ಒಳ್ಳೆಯವರು. ಹುಡುಗ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತನಾಡುವವನು. ಅವರು ಮಲಯಾಳದಲ್ಲಿ ಕೇಳಿದರು, ಇವನು ಬಸ್ಸಿನಲ್ಲಿ ಕಲಿತ ಮಲಯಾಳದಲ್ಲಿ "ಒನ್ನುಮಿಲ್ಲ" ಎಂದ. ಏನೂ ಇಲ್ಲ ಎಂದು ಕಡತದಲ್ಲಿ ಬರೆದು ಮುಗಿಸಿದರು. ಅವನಿಗೆ ಬೇಕಾದಷ್ಟು ಇತ್ತು. ಗಣಿತ, ವಿಜ್ಞಾನಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ನಾವು ಶಾಲೆಯ ಮುಂದೆ ಧರಣಿ ಕೂತಿದ್ದೇವೆ. ಸೂತ್ರವನ್ನಾದರೂ ಹಲಗೆಯ ಮೇಲೆ ಬರೆದು ತೋರಿಸಬಹುದು. ಭಯವನ್ನು ಯಾವ ಹಲಗೆಯ ಮೇಲೆ ಬರೆಯುವುದು?

ಕೌನ್ಸಿಲಿಂಗ್ ಟೀಚರ್
ಒಪ್ಪುತ್ತೇನೆ. ಆ ಕಾರಣಕ್ಕೇ ನಮ್ಮಲ್ಲಿ ಕನ್ನಡದ ಮಕ್ಕಳು ನನ್ನ ಬಳಿಗೆ ಬರುವಾಗ ಗೆಳತಿಯನ್ನು ಜೊತೆಗೆ ಕರೆತರುವುದುಂಟು. ಅದು ಸರಿಯಾದ ಪದ್ಧತಿ ಅಲ್ಲ, ಗೆಳತಿಯ ಮುಂದೆ ಎಲ್ಲವನ್ನೂ ಹೇಳಲಾಗುವುದಿಲ್ಲ. ಕಥೊಲಿಕ್ ಶಾಲೆಗಳಿಗೆ ಇಲ್ಲಿ ಒಂದು ಅನುಕೂಲವಿದೆ. ಜಿಲ್ಲೆಯ ಉತ್ತರ ಭಾಗದ ಕೊಂಕಣಿ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು, ಅಲ್ಲಿಂದ ಬರುವ ಸಿಸ್ಟರುಗಳಲ್ಲಿ ಕನ್ನಡ, ತುಳು, ಕೊಂಕಣಿ ಮೂರೂ ಬಲ್ಲವರು ಬಹಳ ಮಂದಿ ಇದ್ದಾರೆ. ಅವರಲ್ಲಿ ತರಬೇತಿ ಪಡೆದ, ಆಡಳಿತದ ಅಧಿಕಾರ ಇಲ್ಲದ ಒಬ್ಬರನ್ನು ಈ ಕೆಲಸಕ್ಕೆಂದೇ ಇಟ್ಟರೆ ಸರಕಾರಿ ಶಾಲೆಗಳಿಗೆ ಸಾಧ್ಯವಾಗದ್ದು ಅವರಿಗೆ ಸಾಧ್ಯವಾಗುತ್ತದೆ.

ಪೆರ್ಲ
ಅಂದರೆ ಸುತ್ತಿ ಬಳಸಿ ಮತ್ತೆ ಸಿಸ್ಟರ್ ಕೈಗೇ ಕೊಟ್ಟಿರಿ.

ಬೇಳದವ
ಪೆರ್ಲದವರೇ, ಸಿಸ್ಟರ್ ಎಂದ ಕೂಡಲೇ ನಿಮಗೆ ಮತಾಂತರ ಕಾಣಿಸುತ್ತದೆ, ನಿಮ್ಮ ಊರಿನವರೇ ಹೆರಿಗೆಗೆ ಅವರ ಆಸ್ಪತ್ರೆಗೆ ಹೋಗುವಾಗ ಅದು ಕಾಣಿಸುವುದಿಲ್ಲ. ಮರಿಯಮ್ಮನ ಜನ್ಮದಿನದ ಮೊಂತಿ ಹಬ್ಬದ ಒಂಬತ್ತು ದಿನ ನಮ್ಮ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಇಗರ್ಜಿಗೆ ಬರುವಾಗ ಅರ್ಧ ಹೂ ನೆರೆಯ ಭಟ್ಟರ ಹಿತ್ತಲಿನದು. ಈ ಊರು ನಡೆಯುತ್ತಿರುವುದು ಹಾಗೆ.

ಪೆರ್ಲ
ಹೂವಿನ ಲೆಕ್ಕ ಬೇಡ. ನನ್ನ ಪ್ರಶ್ನೆ ಒಂದೇ: ಆ ಸಿಸ್ಟರ್ ಮಗುವಿಗೆ, "ಪ್ರಾರ್ಥನೆ ಮಾಡು, ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದರೆ ಯಾರು ಹೊಣೆ? ಕ್ರೈಸ್ತರಲ್ಲದ ಮಗುವಿಗೆ ಮಾತ್ರವಲ್ಲ, ಕ್ರೈಸ್ತ ಮಗುವಿಗೂ ಕೇಳುತ್ತಿದ್ದೇನೆ.

ಕೌನ್ಸಿಲಿಂಗ್ ಟೀಚರ್
ಇದು ನ್ಯಾಯವಾದ ಪ್ರಶ್ನೆ. ಪ್ರಾರ್ಥನೆಯಿಂದ ಧೈರ್ಯ ಬರುವ ಮಕ್ಕಳಿದ್ದಾರೆ, ಅದನ್ನು ನಾನು ಕಸಿದುಕೊಳ್ಳುವುದಿಲ್ಲ. ಆದರೆ ವಾರಗಟ್ಟಲೆ ನಿದ್ರೆಯಿಲ್ಲದ, ಊಟ ಬಿಟ್ಟ ಮಗುವಿಗೆ ಅದೊಂದನ್ನೇ ಹೇಳಿದರೆ, ತನ್ನ ವಿಶ್ವಾಸವೇ ಸಾಲದಾಯಿತು ಎಂದು ಅದು ತನ್ನನ್ನೇ ಹಳಿದುಕೊಳ್ಳುತ್ತದೆ. ಭಕ್ತಿಯ ಮನೆಯ ಮಕ್ಕಳಲ್ಲಿ ಇದನ್ನು ಹೆಚ್ಚು ಕಂಡಿದ್ದೇನೆ. ಆದುದರಿಂದಲೇ ತರಬೇತಿ ಎಂಬ ಮಾತನ್ನು ಸೇರಿಸಿದ್ದು.

ಕುಂಬಳೆ ವಕೀಲ
ಪೋಷಕಿಯವರು ಕೇಳಿದ್ದು ಆಧಾರ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಗಳನ್ನು ಕೊಟ್ಟಿದೆ. ಆಂಧ್ರಪ್ರದೇಶದ ವಿಶಾಖಪಟ್ಟಣದಲ್ಲಿ ಕೋಚಿಂಗಿಗೆ ಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣ ಅದು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ಹೊಂದಿರಬೇಕು. ಅಂಕಗಳ ಆಧಾರದ ಮೇಲೆ ಗುಂಪು ಮಾಡುವುದನ್ನು ಸಾಧ್ಯವಾದಷ್ಟು ಕೈಬಿಡಬೇಕು. ಎರಡನೆಯದು ಮುಖ್ಯವಾಗಿ ಕೋಚಿಂಗ್ ಕೇಂದ್ರಗಳನ್ನು ಉದ್ದೇಶಿಸಿದ್ದರೂ ಶಾಲೆಗಳನ್ನು ಹೊರಗಿಟ್ಟಿಲ್ಲ. ಮೀಯಪದವಿನವರ ಭಾಷೆಯ ವಿಷಯಕ್ಕೆ ನೇರವಾದ ಕಾನೂನು ತೋರಿಸುವುದು ಕಷ್ಟ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕು ಎನ್ನುತ್ತದೆ, ಅಷ್ಟೇ. ಪಾಠಕ್ಕೆ ಬೇಕಾದ ಭಾಷೆ ಮನಸ್ಸಿಗೂ ಬೇಕು ಎಂಬುದು ನಾವು ಮಾಡಬೇಕಾದ ವಾದ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿಯ ತನಕ ಕಾಸರಗೋಡಿನ ಕನ್ನಡಿಗರು ಅರ್ಜಿ ಬರೆಯುವುದರಲ್ಲಿ ಪಳಗಿದ್ದಾರೆ, ಇನ್ನೊಂದು ಬರೆದರೆ ನಷ್ಟವಿಲ್ಲ.

ಸೇವೆಯಲ್ಲಿರುವ ಟೀಚರ್
ಅರ್ಜಿಯಲ್ಲಿ ಕಾನೂನಿನ ಮಾತನ್ನು ಮೊದಲು ಹಾಕಬೇಡಿ. ನೋಟಿಸಿನಂತೆ ಕಂಡರೆ ಮ್ಯಾನೇಜ್‌ಮೆಂಟು ಅದನ್ನು ತಮ್ಮ ವಕೀಲರ ಬಳಿಗೆ ಕಳುಹಿಸುತ್ತದೆ, ನಿಮ್ಮ ಮಗಳ ಪರೀಕ್ಷೆಯೇ ಮುಗಿದುಹೋಗುತ್ತದೆ. ಬೇಳದವರು ಹೇಳಿದ 1965ರ ಘೋಷಣೆಯಿಂದ ಆರಂಭಿಸಿ. ಅದನ್ನು ಒಪ್ಪುವುದಿಲ್ಲ ಎಂದು ಯಾವ ಸಿಸ್ಟರೂ ಹೇಳುವಂತಿಲ್ಲ.

ನೀರ್ಚಾಲು ಪೋಷಕಿ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ 14416ಕ್ಕೆ ಫೋನ್ ಮಾಡಿದೆವು, ಮಗಳೇ ಮಾತನಾಡಿದಳು. ಏನು ಮಾತನಾಡಿದಳೆಂದು ನಾನು ಕೇಳಿಲ್ಲ. ಅರ್ಜಿಯಲ್ಲಿ ಮೂರು ವಿಷಯ ಬರೆಯೋಣ ಎಂದಿದ್ದೇನೆ: ಗುಂಪು ರದ್ದಾಗಬೇಕು, ವಾರದ ಆ ಅವಧಿ ಮರಳಿ ಬರಬೇಕು, ಕನ್ನಡ ಬಲ್ಲ ಕೌನ್ಸಿಲಿಂಗ್ ಟೀಚರ್ ವಾರಕ್ಕೊಮ್ಮೆಯಾದರೂ ಬರಬೇಕು. ಸಹಿ ಹಾಕಲು ಸದ್ಯಕ್ಕೆ ನಾಲ್ಕೈದು ತಾಯಂದಿರು ಒಪ್ಪಿದ್ದಾರೆ. ಎ ಪ್ಲಸ್ ಗುಂಪಿನ ಮಕ್ಕಳ ಪೋಷಕರು ಯಾರೂ ಒಪ್ಪಿಲ್ಲ.

ಅಡಿಕೆ ತೋಟ
ನನ್ನ ಮಗ ಎ ಪ್ಲಸ್ ಗುಂಪಿನಲ್ಲಿದ್ದಿದ್ದರೆ ನಾನೂ ಸಹಿ ಹಾಕುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತೇನೆ. ಆದರೆ ಆ ಮಕ್ಕಳು ಹೇಗೆ ನಿದ್ರಿಸುತ್ತಿದ್ದಾರೆಂದು ಅವರ ತಾಯಂದಿರನ್ನು ಒಮ್ಮೆ ಕೇಳಿ ನೋಡಿ.

ನಿವೃತ್ತ ಮಾಸ್ತರ್
ತಂಗೀ, ಅರ್ಜಿಯನ್ನು ಮೊದಲು ಪಿ.ಟಿ.ಎ. ಅಧ್ಯಕ್ಷರಿಗೆ, ಆಮೇಲೆ ಮ್ಯಾನೇಜರ್ ಫಾದರ್‌ಗೆ ಖುದ್ದಾಗಿ ಕೊಡಿ, ಅಂಚೆಯಲ್ಲಿ ಬೇಡ. ಶನಿವಾರ ಸಂಜೆ ಹೋಗಬೇಡಿ, ಭಾನುವಾರದ ಪ್ರವಚನದ ತಯಾರಿಯಲ್ಲಿರುತ್ತಾರೆ. ಕನ್ನಡದ ಪ್ರತಿಯ ಜೊತೆಗೆ ಮಲಯಾಳದ ಪ್ರತಿಯನ್ನೂ ಇಟ್ಟುಕೊಳ್ಳಿ. ಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಬೇಕಾಗಿ ಬಂದರೆ ಅಲ್ಲಿ ಕನ್ನಡ ಓದುವವರು ಆ ದಿನ ರಜೆಯಲ್ಲಿರುತ್ತಾರೆ.